‘ಆಯ್ತು ಸಾರ್’ ಮತ್ತು ಮೂರು ತೋಳಿನ ಅಂಗಿ

ಕುಡುಮಲಕುಂಟೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಹೊಸಬರಿಗೆ ಕೆಲಸ ಕಲಿಸುತ್ತೇನೆ. ಅರ್ಥವಾಗದಿದ್ದರೂ ‘ಆಯ್ತು ಸಾರ್’ ಅನ್ನುವುದು ನಮ್ಮ ಕಡೆಯ ಮರ್ಯಾದೆ. ಆಮೇಲೆ ಹೊಲಿದದ್ದನ್ನೆಲ್ಲ ಬಿಚ್ಚುವುದು ನಮ್ಮ ಕರ್ಮ. ನನ್ನ ಉಪದೇಶ ನನ್ನ ಮನೆಯಲ್ಲೇ ಯಾರೂ ಕೇಳುವುದಿಲ್ಲ. ಹಾಗಾಗಿ ಚಿತ್ರಗಳಲ್ಲೇ ಒಂದು ಕಥೆ ಬರೆದು ಊಟದ ಹಾಲ್‌ನ ಗೋಡೆಗೆ ಅಂಟಿಸಿದೆ: ಎಲ್ಲದಕ್ಕೂ ‘ಆಯ್ತು ಸಾರ್’ ಅಂದವನೊಬ್ಬ ಕೊನೆಗೆ ಮೂರು ತೋಳಿನ ಅಂಗಿ ಹೊಲಿಯುತ್ತಾನೆ. ಅಂಟಿಸಿದ ಮೇಲೆ ಭಯ ಶುರುವಾಯಿತು. ಎದುರು ಮಾತಾಡುವುದನ್ನು ಕಲಿಸುತ್ತಾನೆಂದು ನನ್ನನ್ನೇ ಮನೆಗೆ ಕಳಿಸಿದರೆ?

ಮೂರನೆಯ ದಿನ ಮ್ಯಾನೇಜರರು ಬಂದು ಹೊಸ ಕಾಲರಿನ ಅಳತೆಯನ್ನು ಗಡಿಬಿಡಿಯಲ್ಲಿ ಹೇಳಿ ಹೊರಟರು. ಸೇರಿ ವಾರವಾಗಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾರ್, ನಂಗೆ ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?”

ಇಡೀ ಸಾಲಿನ ಮೆಷಿನ್‌ಗಳು ನಿಂತವು. ಅವಳ ಕೆಲಸವೂ ಹೋಯಿತು, ನನ್ನದೂ ಹೋಯಿತು ಅಂದುಕೊಂಡೆ. ಮ್ಯಾನೇಜರರು ಕೈಯಲ್ಲಿದ್ದ ಚೀಟಿಯನ್ನು ಮತ್ತೆ ಓದಿದರು. ಅದು ಬೇರೆ ಆರ್ಡರಿನ ಅಳತೆ.

“ಕೇಳಿದ್ದು ಒಳ್ಳೇದಾಯ್ತು ಕಣಮ್ಮ,” ಅಂದವರು ನನ್ನತ್ತ ತಿರುಗಿದರು. “ನೀವು ಬರ್ದಿರೋ ಚಿತ್ರ ಎಲ್ಲಾ ಲೈನ್‌ಗೂ ಅಂಟ್ಸಿ. ನಮ್ಮ ಆಫೀಸಿಗೂ ಒಂದು ಕೊಡಿ.”

ಅಂದು ಸಂಜೆಯೊಳಗೆ ಸಾಲಿನ ಅರ್ಧ ಜನ ಕೈಯೆತ್ತಿ ಏನಾದರೊಂದು ಕೇಳಿದ್ದರು. ಉತ್ತರ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಇಷ್ಟು ಸಂತೋಷದಲ್ಲಿ ಅದು ಹಿಂದೆಂದೂ ಕಟ್ಟಿರಲಿಲ್ಲ.