ನೋಡಿ ಹಾಕಿದ ಸಹಿ

ಎರಡು ವರ್ಷದ ಎಲೆಕ್ಟ್ರಿಕಲ್ ಡಿಪ್ಲೊಮಾ ನನಗೆ ನಷ್ಟದ ಬಾಬತ್ತು ಎಂದು ಲೆಕ್ಕ ಹಾಕಿ ತೋರಿಸಿದವರು ನಮ್ಮ ಮಾಲೀಕರು. ಭದ್ರಾವತಿಯ ನ್ಯೂ ಟೌನ್ ಬಳಿ ಅವರದು ವೈರಿಂಗ್ ಅಂಗಡಿ. ಐಟಿಐ ಮುಗಿಸಿದ ನಾನು ಅಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದೆ. ಐಟಿಐ ಆದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ಪ್ರವೇಶ ಸಿಗುತ್ತದೆ, ಎರಡೇ ವರ್ಷದಲ್ಲಿ ಮುಗಿಯುತ್ತದೆ ಎಂದು ನಾನು ಹೇಳಿದಾಗ ಅವರು ಸ್ವಿಚ್ ಪೆಟ್ಟಿಗೆಯ ರಟ್ಟು ಹರಿದು ಅದರ ಮೇಲೆ ಬರೆಯತೊಡಗಿದರು. ಫೀಸು, ಬಸ್ಸು, ಬ್ಯಾಂಕಿನ ಬಡ್ಡಿ. ಅದರ ಕೆಳಗೆ ಎರಡು ವರ್ಷ ಕೈತಪ್ಪುವ ನನ್ನ ಸಂಬಳ. ಓದು ಮುಗಿದ ಮೇಲೆ ಫ್ಯಾಕ್ಟರಿಯವರು ಹೊಸಬರಿಗೆ ಕೊಡುವುದೋ ಹೆಚ್ಚುಕಡಿಮೆ ನನ್ನ ಈಗಿನ ಸಂಬಳವೇ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಮಾರಾಯ್ತಿ. ಸಾಲ ತೀರೋ ಹೊತ್ತಿಗೆ ನಿನ್ನ ತಲೆ ಬೆಳ್ಳಗಾಗಿರುತ್ತೆ," ಎಂದರು.

ಅವರ ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪಿರಲಿಲ್ಲ. ಆದರೆ ಒಂದು ಬಾಬತ್ತು ಬಿಟ್ಟುಹೋಗಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಏಕೆಂದರೆ ಅದರ ಓಡಾಟವೆಲ್ಲ ನನ್ನದೇ.

ಹೊಸ ಮನೆಗೆ ಕರೆಂಟು ಬರಬೇಕಾದರೆ, ವೈರಿಂಗ್ ಸರಿಯಿದೆ ಎಂಬ ವರದಿಗೆ ಪರವಾನಗಿ ಇದ್ದವರು ಸಹಿ ಹಾಕಬೇಕು. ನಮ್ಮ ಅಂಗಡಿಯಲ್ಲಿ ಯಾರಿಗೂ ಪರವಾನಗಿ ಇರಲಿಲ್ಲ. ಹಾಗಾಗಿ ಆಗಾಗ ಕಾಗದದ ಕಟ್ಟು ಹಿಡಿದು ನಾನು ಶಿವಮೊಗ್ಗದ ಬಸ್ಸು ಹತ್ತುತ್ತಿದ್ದೆ. ಸವಳಂಗ ರಸ್ತೆಯಲ್ಲಿ ಪರವಾನಗಿ ಇದ್ದ ಒಬ್ಬ ಹಿರಿಯರಿದ್ದರು. ಯಾವ ಮನೆ, ಯಾರ ಕೆಲಸ ಎಂದು ಕೇಳದೆ, ಟೀ ಆರುವುದರೊಳಗೆ ಎಂಟು ಕಾಗದಕ್ಕೆ ಸಹಿ ಹಾಕಿ, ಸಹಿಗೆ ಐನೂರರಂತೆ ಎಣಿಸಿಕೊಳ್ಳುತ್ತಿದ್ದರು. ಗೋಡೆ ಕೊರೆದು ಧೂಳು ಕುಡಿದವಳು ನಾನು. ಕೈ ಕೆಸರು ನನ್ನದು, ಬಾಯಿ ಮೊಸರು ಅವರದು. ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುತ್ತಾ ಲೆಕ್ಕ ಹಾಕಿದೆ: ಡಿಪ್ಲೊಮಾ ಆದರೆ ಆ ಪರವಾನಗಿ ನನಗೂ ಸಿಗುತ್ತದೆ, ತಿಂಗಳಿಗೆ ಎಂಟು ಸಹಿ ಹಾಕಿದರೆ ಬ್ಯಾಂಕಿನ ಕಂತು ಕಟ್ಟಬಹುದು. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಇಂಥ ಸಾಲಕ್ಕೆ ಹೆದರುವುದೇನು ಬಂತು?

ಸಾಲಕ್ಕೆ ಜಾಮೀನು ಅಮ್ಮ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಮ್ಮನಿಗೆ ಸಹಿ ಹಾಕಲು ಬರುತ್ತದೆ, ಓದಲು ತಡವರಿಸುತ್ತಾಳೆ. ಬ್ಯಾಂಕಿನ ಅಧಿಕಾರಿ ಸಹಿಯ ಜಾಗ ತೋರಿಸಿದರೆ ಅವಳು ಪೆನ್ನನ್ನು ಟಕ್ಕೆಂದು ಮೇಜಿನ ಮೇಲಿಟ್ಟಳು.

"ಮೊದಲು ಪೂರ್ತಿ ಓದಿ ಹೇಳಿ ಸಾರ್. ಬರೆಯೋದು ನನ್ನ ಹೆಸರಲ್ವಾ?"

ಹಿಂದೆ ನಿಂತವರು ಗೊಣಗಿದರು. ನನಗೆ ನಾಚಿಕೆಯಾಗಿ ನೆಲ ನೋಡಿದೆ. ಮಗಳು ಕಟ್ಟದಿದ್ದರೆ ನೀವು ಕಟ್ಟಬೇಕು ಎಂಬಲ್ಲಿಗೆ ಬಂದಾಗ ಅಮ್ಮ ಒಮ್ಮೆ ನನ್ನ ಮುಖ ನೋಡಿ, ಆಮೇಲೆ ಪೆನ್ನು ಎತ್ತಿಕೊಂಡಳು.

ಎರಡು ವರ್ಷ ನನಗಿಂತ ಎಷ್ಟೋ ಚಿಕ್ಕವರ ಜೊತೆ ಬೆಂಚಿನ ಮೇಲೆ ಕೂತೆ. ಪಾಸಾದೆ, ಚೆನ್ನಾಗಿಯೇ ಪಾಸಾದೆ. ಅದೇ ಅಂಗಡಿಗೆ ಮರಳಿದೆ. ಕೆಲಕಾಲದ ಮೇಲೆ ನನ್ನ ಹೆಸರಿಗೆ ಪರವಾನಗಿಯೂ ಬಂತು. ಅಂದು ಮಾಲೀಕರು ಒಂದು ಕಟ್ಟು ಕಾಗದ ತಂದಿಟ್ಟು ಟೀ ತರಿಸಿದರು. ಮೇಲಿದ್ದದ್ದು ಊರಿನ ಕೋಟೆ ಕಡೆಯ ಒಂದು ಬಟ್ಟೆ ಅಂಗಡಿಯದು, ವೈರಿಂಗ್ ಮಾಡಿದವರು ಬೇರೆಯವರು, ಸಹಿಗೆ ಮಾತ್ರ ನಮ್ಮಲ್ಲಿಗೆ ಕಳಿಸಿದ್ದರು. ಪೆನ್ನಿನ ಮುಚ್ಚಳ ತೆಗೆದೆ. ಬ್ಯಾಂಕಿನ ಮೇಜಿನ ಆ ಟಕ್ಕೆಂಬ ಸದ್ದು ನೆನಪಾಯಿತು. ನೋಡಿಬಂದು ಹಾಕುತ್ತೇನೆ ಎಂದೆ.

ಹೋಗಿ ನೋಡಿದರೆ ಅರ್ತ್ ತಂತಿ ಗೋಡೆಯೊಳಗೆ ಹೋಗಿತ್ತು, ಹೊರಗೆ ಬಂದೇ ಇರಲಿಲ್ಲ. ನೆಲದಲ್ಲಿ ಅದು ಇಳಿಯಬೇಕಾದ ಗುಂಡಿಯನ್ನೇ ತೋಡಿರಲಿಲ್ಲ. ಎಲ್ಲಾದರೂ ಕರೆಂಟು ಸೋರಿದರೆ ಅದು ಮನುಷ್ಯನ ಮೈಯಿಂದಲೇ ಭೂಮಿಗಿಳಿಯಬೇಕಿತ್ತು. ಗುಂಡಿ ತೋಡಿಸಿ, ಕರೆಂಟು ಸರಿಯಾಗಿ ಭೂಮಿಗಿಳಿಯುತ್ತದೆಯೇ ಎಂದು ಅಳೆದು, ಸಹಿ ಹಾಕುವಷ್ಟರಲ್ಲಿ ಮೂರು ದಿನವಾಯಿತು.

ನನ್ನ ಲೆಕ್ಕ ತಪ್ಪಿದ್ದು ಆಗ ಗೊತ್ತಾಯಿತು. ನೋಡದೆ ಸಹಿ ಹಾಕುವವರ ವೇಗದಲ್ಲಿ ನನ್ನ ಗಳಿಕೆಯನ್ನು ಎಣಿಸಿದ್ದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದೆ. ಆ ತಿಂಗಳು ಮೂರೇ ಸಹಿಯಾದವು, ಕಾಯಲೊಲ್ಲದ ಮಾಲೀಕರು ಉಳಿದ ಕಾಗದಗಳನ್ನು ಮತ್ತೆ ಸವಳಂಗ ರಸ್ತೆಗೆ ಕಳಿಸಿದರು. ಕಂತಿಗೆ ಕಡಿಮೆ ಬಿದ್ದದ್ದನ್ನು ಭಾನುವಾರಗಳಂದು ಫ್ಯಾನು, ಮಿಕ್ಸಿ ರಿಪೇರಿ ಮಾಡಿ ತುಂಬಿದೆ. ಒಂದು ಕಂತನ್ನೂ ತಪ್ಪಿಸಲಿಲ್ಲ, ಅಮ್ಮನಿಗೆ ಬ್ಯಾಂಕಿನ ಫೋನು ಬರಲಿಲ್ಲ. ಮಾಲೀಕರು ಮಾತ್ರ ಆ ರಟ್ಟಿನ ತುಂಡನ್ನು ನೆನಪಿಸಿ ಚುಚ್ಚುತ್ತಲೇ ಇದ್ದರು. ಡಿಪ್ಲೊಮಾ ಓದಿ ಕೈ ನಿಧಾನ ಮಾಡಿಕೊಂಡವಳು ಇವಳೊಬ್ಬಳೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರು ಸ್ವಂತ ಮನೆ ಕಟ್ಟಿಸಿದರು. ವೈರಿಂಗ್ ಮುಗಿದ ಮೇಲೆ ಒಂದು ಬೆಳಿಗ್ಗೆ, ಸವಳಂಗ ರಸ್ತೆಗೆ ಹೊರಟಿದ್ದ ಕಟ್ಟಿನಿಂದ ಒಂದೇ ಒಂದು ಕಾಗದ ಎಳೆದು ನನ್ನ ಮುಂದಿಟ್ಟರು.

"ಇದನ್ನ ನೀನೇ ಬಂದು ನೋಡಿ ಹಾಕಮ್ಮ. ಮನೇಲಿ ಮೊಮ್ಮಕ್ಕಳು ಓಡಾಡ್ತವೆ."

ಕೋಪ ಬಂತು, ಒಳಗೊಳಗೇ ಹಿಗ್ಗೂ ಆಯಿತು. "ಉಳಿದ ಮನೆಗಳಲ್ಲಿ ಮಕ್ಕಳಿಲ್ವಾ?" ಎಂದೆ.

 ಅವರು ಕೈಯಲ್ಲಿದ್ದ ಕಟ್ಟನ್ನೂ ನನ್ನ ಮೇಜಿನ ಮೇಲಿಟ್ಟು ಹೊರಗೆ ಹೋದರು.

ಅವರ ಮನೆಯ ಅರ್ತ್ ಗುಂಡಿ ಒಣಗಿತ್ತು, ಒಣ ಮಣ್ಣಿಗೆ ಕರೆಂಟು ಸರಿಯಾಗಿ ಇಳಿಯುವುದಿಲ್ಲ. ಇದ್ದಿಲು, ಉಪ್ಪು ಹಾಕಿಸಿ ಒಂದು ವಾರ ನೀರು ಹುಯ್ಯಲು ಹೇಳಿದೆ. ಎದುರಾಡದೆ ತಾವೇ ಕೊಡ ಎತ್ತಿ ಹುಯ್ದರು. ಮತ್ತೆ ಅಳೆದು, ಸಹಿ ಹಾಕಿ ಐನೂರು ಕೇಳಿದೆ, ಕೊಟ್ಟರು. ಕಟ್ಟಿನಲ್ಲಿದ್ದ ಇನ್ನೇಳು ಮನೆಗಳನ್ನೂ ಒಂದೊಂದಾಗಿ ನೋಡಿದೆ. ಆ ತಿಂಗಳು ಮೊದಲ ಸಲ ಎಂಟು ಸಹಿಯಾಯಿತು, ಭಾನುವಾರ ನಾನು ಯಾರ ಫ್ಯಾನನ್ನೂ ಬಿಚ್ಚಲಿಲ್ಲ.