ಚನ್ನವ್ವನ ಎಡಗಣ್ಣು

ನಿಪ್ಪಾಣಿಯ ಬೀಡಿ ಕಾರ್ಮಿಕರ ದವಾಖಾನೆಗೆ ಆ ವರ್ಷ ಹೊಸದಾಗಿ ಬಂದಿದ್ದ ಡಾಕ್ಟರಿಗೆ ಹಿಂದಿ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ರಾಯಬಾಗದ ಕಡೆಯ ಹಳ್ಳಿಯವಳಾದ ಚನ್ನವ್ವನಿಗೆ ಹಿಂದಿ ತಿಳಿಯದು. ಇಬ್ಬರ ನಡುವೆ ಮಾತು ತಿರುಗಿಸಿ ಹೇಳಲು ಕೂತವಳು ಹಿಂದಿ ಬಲ್ಲ ಸೊಸೆ ಕಸ್ತೂರೆವ್ವ.

ಎಡಗಣ್ಣಿನೊಳಗೆ ಒತ್ತಡ ಏರಿದೆ, ಈ ವಾರವೇ ಬೆಳಗಾವಿಗೆ ಕರೆದುಕೊಂಡು ಹೋಗಿ, ಬೀಡಿ ಕಾರ್ಮಿಕರ ಕಾರ್ಡು ಇರುವುದರಿಂದ ಆಪರೇಷನ್ ಖರ್ಚೆಲ್ಲ ಸರ್ಕಾರದ್ದು ಎಂದು ಡಾಕ್ಟರು ಬಿಡಿಸಿ ಹೇಳಿದರು.

ಹೊರಗೆ ಬಂದಮೇಲೆ ಚನ್ನವ್ವ ಕೇಳಿದಳು: "ಏನಂದ್ರವಾ ಡಾಕ್ಟರು?"

ಐನಾಪುರದಲ್ಲಿ ಕಸ್ತೂರೆವ್ವನ ತಂಗಿಯ ಲಗ್ನ ಅದೇ ವಾರವಿತ್ತು. ಬೆಳಗಾವಿಯಲ್ಲಿ ಅತ್ತೆಯ ಹತ್ತಿರ ತಾನೇ ಇರಬೇಕಾಗುತ್ತದೆ. ಬಾಯಿಗೆ ಸುಳ್ಳು ತಾನಾಗಿಯೇ ಬಂತು. "ಅವಸರೇನಿಲ್ಲಂತ್ರಿ ಅತ್ತಿ. ಈ ಹನಿ ಹಾಕ್ಕೋತ ಇರ್ರಿ, ಮುಂದ ನೋಡೂಣು ಅಂದ್ರು."

ಲಗ್ನದಲ್ಲಿ ಅವಳು ಬೀಗರಿಗೆ ಬಡಿಸಿದಳು, ಹಾಡಿದಳು, ನಕ್ಕಳು. ತಿರುಗಿ ಬಂದಾಗ ಚನ್ನವ್ವ ತಲೆಗೆ ಬಟ್ಟೆ ಬಿಗಿದುಕೊಂಡು ನರಳುತ್ತ ಮಲಗಿದ್ದಳು. ಕಣ್ಣು ಕೆಂಡವಾಗಿತ್ತು. ಬೀಡಿ ಎಲೆಯ ಬುಟ್ಟಿ ತಾನು ಬಿಟ್ಟುಹೋದ ಜಾಗದಲ್ಲೇ ಇತ್ತು.

ದವಾಖಾನೆಗೆ ಓಡಿದರು. ಅವತ್ತು ರಜೆಯಲ್ಲಿದ್ದ ನರ್ಸ್ ಸುಗಂಧಾಬಾಯಿ ಊರಿನವಳೇ, ಡಾಕ್ಟರ ಹಳೆಯ ಚೀಟಿ ನೋಡಿ ಕನ್ನಡದಲ್ಲೇ ಗದರಿದಳು: "ಲಗೂನ ಬೆಳಗಾವಿಗೆ ಒಯ್ರಿ ಅಂತ ಡಾಕ್ಟರು ಅವತ್ತ ಹೇಳಿದ್ರಲ್ಲಬೇ? ಯಾಕ ಹೋಗಲಿಲ್ಲ?"

ಚನ್ನವ್ವ ಸೊಸೆಯ ಕಡೆ ಮುಖ ತಿರುಗಿಸಿದಳು.

ಒತ್ತಡ ಏರತೊಡಗಿದ್ದ ಬಲಗಣ್ಣು ಬೆಳಗಾವಿಯ ಆಪರೇಷನ್ನಿನಿಂದ ಉಳಿಯಿತು. ಎಡಗಣ್ಣು ಹೋಗಿತ್ತು. ಒಂದು ಪೈಸೆಯೂ ಕೈಯಿಂದ ಖರ್ಚಾಗಲಿಲ್ಲ ಎನ್ನುವುದೇ ಕಸ್ತೂರೆವ್ವನನ್ನು ಹೆಚ್ಚು ಚುಚ್ಚಿತು. ತಪ್ಪನ್ನು ಬಡತನದ ಮೇಲೆ ಹಾಕೋಣವೆಂದರೆ ಆ ನೆಪವೂ ಇರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಅತ್ತೆಯ ಕಾಲು ಮುಟ್ಟಿದಳು. "ತಪ್ಪಾತ್ರಿ ಅತ್ತಿ."

"ಲಗ್ನಕ್ಕ ಹೋಗ್ಬೇಕು ಅಂತ ಬಾಯಿಬಿಟ್ಟ ಹೇಳಿದ್ರ ನಾ ಬ್ಯಾಡ ಅಂತಿದ್ನೇನ? ಮಗ್ಗಲ ಮನಿ ಲಕ್ಕವ್ವನ್ನ ಕರಕೊಂಡ ಹೋಗ್ತಿದ್ನಿ," ಎಂದಳು ಚನ್ನವ್ವ. "ಕಣ್ಣ ನಂದಿತ್ತವಾ. ನನಗ ಹೇಳಬೇಕಿತ್ತು."

ಮತ್ತೆ ಆ ಮಾತು ಅವಳು ಎತ್ತಲಿಲ್ಲ. ಕಸ್ತೂರೆವ್ವ ಎಲೆ ಕತ್ತರಿಸಿಕೊಟ್ಟಳು, ಹೊತ್ತುಹೊತ್ತಿಗೆ ಹನಿ ಹಾಕಿದಳು. ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಬೇಕೆಂದು ಓಣಿಯವರು ಅಂದಾಗ ಎದ್ದು ಒಳಗೆ ಹೋಗುತ್ತಿದ್ದಳು. ದವಾಖಾನೆಯಲ್ಲಿ ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಅತ್ತೆಗೆ ಹೇಳುತ್ತಿದ್ದಳು, ಕೆಟ್ಟ ಸುದ್ದಿಯಿದ್ದರೂ.

ಚನ್ನವ್ವ ಅವಳು ಹೇಳಿ ಮುಗಿಸುವತನಕ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಸುಗಂಧಾಬಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳುತ್ತಿದ್ದಳು: "ಡಾಕ್ಟರು ಖರೇನ ಹಂಗ ಅಂದ್ರೇನವಾ?"