ನಾನೇ ಬಿಟ್ಟುಕೊಟ್ಟ ಮಧ್ಯಾಹ್ನಗಳು

ಹೋದ ವರ್ಷದ ಎಳ್ಳಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಬಾಕಿ ಇತ್ತು. ಪ್ರತಿದಿನ ಡೈರಿ ಬರೆಯುವ ರೂಢಿ ಇರುವುದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಮಾದೇವಕ್ಕ ನಡೆಸುವ ರೊಟ್ಟಿ ಕೇಂದ್ರದಲ್ಲಿ ನಾನು ಕೆಲಸ ಮಾಡುತ್ತೇನೆ. ಒಳಗೆ ಹೆಂಗಸರು ಜೋಳದ ರೊಟ್ಟಿ ಬಡಿದು, ಬೇಯಿಸಿ, ಖಡಕ್ ಆಗುವವರೆಗೆ ಒಣಗಿಸುತ್ತಾರೆ. ನಾನು ಹೊರಗಿನ ಕೋಣೆಯಲ್ಲಿ ಕೂತು ಹತ್ತತ್ತು ರೊಟ್ಟಿಯ ಪ್ಯಾಕೆಟ್ ಕಟ್ಟಿ ಗಿರಾಕಿಗಳಿಗೆ ಕೊಡುತ್ತೇನೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೆಲಸ.

ಆ ವರ್ಷದ ಬೇಸಿಗೆಯಲ್ಲಿ ಝಳಕಿ ಕಡೆಯ ಎರಡು ಧಾಬಾಗಳು ಮುಚ್ಚಿದವು. ನಮ್ಮ ರೊಟ್ಟಿಯಲ್ಲಿ ಅರ್ಧದಷ್ಟು ಹೋಗುತ್ತಿದ್ದುದು ಅಲ್ಲಿಗೇ. ಮಾದೇವಕ್ಕ ಯಾರಿಗೂ ಏನೂ ಹೇಳಲಿಲ್ಲ. ಆದರೆ ಒಂದು ದಿನ ರೊಟ್ಟಿ ಬಡಿಯುವ ರೇಣುಕಾಳನ್ನು ನೋಡುತ್ತಾ ಸುಮ್ಮನೆ ನಿಂತುಬಿಟ್ಟಿದ್ದರು. ಕೊನೆಗೆ ಸೇರಿದವಳು ರೇಣುಕಾ. ಯಾರನ್ನಾದರೂ ಬಿಡಿಸಬೇಕಾಗಿ ಬಂದರೆ ಮೊದಲು ಅವಳನ್ನೇ ಬಿಡಿಸಬೇಕು. ಅವಳ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ. ನಮ್ಮ ಮನೆಯಲ್ಲಿ ಆಗ ಅಪ್ಪ ಟೆಂಪೋ ಓಡಿಸುತ್ತಿದ್ದ.

ಮರುದಿನ ನಾನೇ ಹೋಗಿ, "ಅಕ್ಕಾ, ನನಗ ಬಿ.ಎ. ಪರೀಕ್ಷಾಕ್ಕ ಓದೂದೈತ್ರಿ. ಇನ್ನ ಮುಂದ ಮಧ್ಯಾಹ್ನ ಎರಡಕ್ಕ ಮನಿಗೆ ಹೋಗ್ತೇನ್ರಿ. ಪಗಾರನೂ ಅರ್ಧ ಕೊಡ್ರಿ ಸಾಕು," ಎಂದೆ. ದೂರಶಿಕ್ಷಣದಲ್ಲಿ ಓದುತ್ತಿದ್ದುದು ನಿಜವೇ. ಆದರೆ ರಾತ್ರಿಯ ಹೊತ್ತು ನನ್ನ ಓದಿಗೆ ಸಾಕಾಗಿತ್ತು. ಅಕ್ಕನಿಗೆ ಹಂಗು ಅನಿಸಬಾರದೆಂದು ಓದಿನ ನೆಪ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಚಲೋ ಓದು ತಂಗಿ," ಎಂದಷ್ಟೇ ಹೇಳಿ ಒಳಗೆ ಹೋದರು. ರೇಣುಕಾಳ ಕೆಲಸ ಉಳಿಯಿತು.

ನವರಾತ್ರಿಗೆ ಮೊದಲೇ ನನ್ನ ಪರೀಕ್ಷೆ ಮುಗಿಯಿತು. ದೀಪಾವಳಿಯ ಹೊತ್ತಿಗೆ ಚಡಚಣದ ವ್ಯಾಪಾರಿಯೊಬ್ಬರು ರೊಟ್ಟಿ ಕೊಳ್ಳಲು ಶುರು ಮಾಡಿದರು. ಕೇಂದ್ರದಲ್ಲಿ ಮತ್ತೆ ಕೈತುಂಬ ಕೆಲಸ. ಅದೇ ಸಮಯಕ್ಕೆ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿನ ಗಾಡಿ ಮಸುಕಾಗಿ ಕಾಣುತ್ತದೆಂದು ಆತ ಟೆಂಪೋ ಓಡಿಸುವುದನ್ನೇ ಬಿಟ್ಟ. ಮನೆ ನನ್ನ ಅರ್ಧ ಪಗಾರದ ಮೇಲೆ ನಿಂತಿತು. ಅವ್ವ ಬೆಳಗಿನ ಚಹಾಕ್ಕೆ ಹಾಲು ಹಾಕುವುದನ್ನು ಬಿಟ್ಟಳು. ಕೇಳಿದರೆ, "ಕರೇ ಚಾನ ನನಗ ಸೇರತೈತಿ," ಅನ್ನುತ್ತಿದ್ದಳು.

ಪೂರ್ತಿ ದಿನದ ಕೆಲಸ ಕೊಡಿ ಎಂದು ಅಕ್ಕನನ್ನು ಕೇಳಲು ಬಾಯಿ ಬರಲಿಲ್ಲ. ನಾನಾಗಿಯೇ ಬಿಟ್ಟುಕೊಟ್ಟದ್ದನ್ನು ಹೇಗೆ ವಾಪಸು ಕೇಳುವುದು? ಬೇಕಾದರೆ ಅವರೇ ಕರೆಯುತ್ತಾರೆ ಅಂದುಕೊಂಡೆ. ಅವರು ಕರೆಯಲಿಲ್ಲ.

ಎಳ್ಳಮಾವಾಸ್ಯೆ ಹತ್ತಿರ ಬಂತು. ಆ ದಿನ ಹೊಲಕ್ಕೆ ಬುತ್ತಿ ಒಯ್ಯದ ಮನೆ ನಮ್ಮ ಕಡೆ ಇಲ್ಲ. ಹೀಗಾಗಿ ನಮಗೆ ವರ್ಷದಲ್ಲೇ ಹೆಚ್ಚು ಕೆಲಸ ಆಗ. ಒಂಬತ್ತು ದಿನ ಬಾಕಿ ಇದ್ದ ಆ ಮಧ್ಯಾಹ್ನ ನಾನು ಎಂದಿನಂತೆ ಮನೆಗೆ ಬಂದಿದ್ದೆ. ಪಕ್ಕದ ಮನೆಯ ಕಾಕು ಒಂದು ಪ್ಯಾಕೆಟ್ ಹಿಡಿದು ನಗುತ್ತಾ ಬಂದಳು. "ಸವಿತಾ, ನಿನ್ನ ಜಾಗಾದಾಗ ಕುಂತಾಕಿ ನಿನಗಿಂತಾ ಚಲೋ ಅದಾಳ ನೋಡವಾ. ಹತ್ತಕ್ಕ ರೊಕ್ಕಾ ಕೊಟ್ಟೆ, ಹದಿಮೂರು ಬಂದಾವು!"

ನಾನು ಹೋದ ಮೇಲೆ ಅಕ್ಕನೇ ಪ್ಯಾಕೆಟ್ ಕಟ್ಟುತ್ತಾರೆ ಅಂದುಕೊಂಡಿದ್ದೆ. ನನ್ನ ಜಾಗದಲ್ಲಿ ಬೇರೆ ಯಾರೋ ಕೂತಿದ್ದಾರೆ! ಮನೆಯಲ್ಲಿ ಯಾರಿಗೂ ಹೇಳದೆ ಹಾಗೆಯೇ ಕೇಂದ್ರಕ್ಕೆ ನಡೆದೆ.

ಬಾಗಿಲಲ್ಲಿ ಒಬ್ಬ ಗಿರಾಕಿ ಪ್ಯಾಕೆಟ್ ಹಿಡಿದು ಜಗಳಕ್ಕೆ ನಿಂತಿದ್ದ. ನನ್ನ ಜಾಗದಲ್ಲಿ ಕೂತಿದ್ದವರು ಮಾದೇವಕ್ಕನ ಅತ್ತೆ, ಎಪ್ಪತ್ತು ದಾಟಿದ ಗೌರವ್ವ ಆಯಿ.

"ಆಯಿ, ಹತ್ತು ಅಂತ ಬರದೈತಿ. ಎಂಟ ಅದಾವಲ್ಲ?"

"ಉಣ್ಣೂ ರೊಟ್ಟಿ ಎಣಿಸ್ತಾರೇನೋ ಭಾಡ್ಯಾ? ನಿಮ್ಮವ್ವ ನಿನಗ ಎಣಿಸಿ ನೀಡ್ಯಾಳೇನು?"

"ನಮ್ಮವ್ವ ರೊಕ್ಕಾ ಇಸ್ಕೊಂಡಿಲ್ಲಲ್ಲ ಆಯಿ!"

ನಮ್ಮ ಹಿರಿಯರಲ್ಲಿ ಹೀಗೊಂದು ನಂಬಿಕೆ. ಇನ್ನೊಬ್ಬರ ಬಾಯಿಗೆ ಹೋಗುವ ರೊಟ್ಟಿಯನ್ನು ಎಣಿಸಬಾರದು, ಎಣಿಸಿದರೆ ಮನೆಯ ಬರಕತ್ತು, ಅಂದರೆ ಸಮೃದ್ಧಿ, ಹೋಗುತ್ತದೆ. ಆಯಿ ತಮ್ಮ ಆಯುಷ್ಯದಲ್ಲಿ ರೊಟ್ಟಿ ಎಣಿಸಿದವರಲ್ಲ. ಕೈಗೆ ಬಂದಷ್ಟನ್ನು ಪ್ಯಾಕೆಟ್‌ಗೆ ತುಂಬುತ್ತಿದ್ದರು. ನಾನು ಗಿರಾಕಿಗೆ ಇನ್ನೆರಡು ರೊಟ್ಟಿ ಕೊಟ್ಟು ಕಳಿಸಿದೆ.

ಆಯಿ ನನ್ನನ್ನು ಕಂಡವರೇ ಸೊಂಟ ಹಿಡಿದುಕೊಂಡು ಎದ್ದರು. "ಬಂದ್ಯಾ ನಮ್ಮವ್ವಾ? ಈ ಸುಡುಗಾಡು ಎಣಿಕಿ ನೀನ ಮಾಡಿಕೊ. ಹೊತ್ತು ಮುಳುಗೂ ವಯಸ್ಸಿನ್ಯಾಗ ನನಗ ಪಾಪ ಕಟ್ಟಾಕತ್ತಾಳ ನನ್ನ ಸೊಸಿ."

"ನನ್ನ ಯಾರೂ ಕರದಿಲ್ಲಲ್ರಿ ಆಯಿ?"

"ಆಕಿ ಕರೀಲಿ ಅಂತ ನೀ ಕುಂತಿ, ನೀ ಬರ್ಲಿ ಅಂತ ಆಕಿ ಕುಂತಾಳ. ನಿಮ್ಮಿಬ್ಬರ ಮರ್ಯಾದಿ ನಡುವ ನನ್ನ ಸೊಂಟ ಹೋತು! ಏ ಮಾದೇವಿ, ಹೊರಗ ಬಾ!"

ಮಾದೇವಕ್ಕ ಕೈಯ ಹಿಟ್ಟು ಕೊಡವುತ್ತಾ ಬಂದರು. ನನ್ನನ್ನು ನೋಡಿ ತಪ್ಪು ಮಾಡಿದವರಂತೆ ನಿಂತರು. "ನಿನ್ನ ಪರೀಕ್ಷಾ ಮುಗೀಲಿ ಅಂತ ಬಿಟ್ಟಿದ್ದೆ ತಂಗಿ. ನಮ್ಮ ಸಲುವಾಗಿ ಅರ್ಧ ಪಗಾರ ಬಿಟ್ಟಾಕಿ ನೀ. ಅದು ನನಗ ತಿಳೀಲಾರದ್ದೇನಲ್ಲ. ಮತ್ತ ಯಾವ ಮಾರಿ ಇಟಗೊಂಡು ಓದು ಬಿಟ್ಟು ಬಾ ಅಂತ ಕರೀಲಿ?"

"ಪರೀಕ್ಷಾ ನವರಾತ್ರಿ ಮುಂಚೇನ ಮುಗದಾವ್ರಿ ಅಕ್ಕಾ."

ಮನೆಯ ಸಂಗತಿ ಆ ದಿನ ಹೇಳದಿದ್ದರೆ ಮತ್ತೆಂದೂ ಹೇಳುವುದಿಲ್ಲ ಅನಿಸಿತು. "ಅಪ್ಪಗ ಕಣ್ಣು ಕಾಣವಲ್ದು, ಟೆಂಪೋ ಬಿಟ್ಟಾನ್ರಿ. ಮನ್ಯಾಗ ಭಾಳ ತ್ರಾಸ ಐತಿ. ನನಗ ಪೂರ್ತಿ ದಿನ ಬೇಕ್ರಿ ಅಕ್ಕಾ," ಎಂದುಬಿಟ್ಟೆ.

ಅಕ್ಕನ ಮುಖ ಸಪ್ಪಗಾಯಿತು. "ಅಪ್ಪಂದು ನನಗ್ಯಾಕ ಹೇಳಲಿಲ್ಲ?"

"ನಿಮಗಽ ತ್ರಾಸ ಇತ್ತಲ್ರಿ."

"ನನ್ನ ತ್ರಾಸಿನ್ಯಾಗ ನೀ ನನ್ನ ಕೇಳದನ ಬಂದಿ. ನಿನ್ನ ತ್ರಾಸಿನ್ಯಾಗ ನಾ ಬರಬಾರದಿತ್ತೇನು?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ರೇಣುಕಾ ಬಾಗಿಲಿಗೆ ಬಂದು ನಮ್ಮನ್ನೇ ನೋಡುತ್ತಿದ್ದಳು. ಯಾರ ಸಲುವಾಗಿ ಇಷ್ಟೆಲ್ಲ ಆಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

"ನಾಳಿಂದ ಬರ್ಲೇನ್ರಿ?" ಎಂದೆ.

"ನಾಳೆ ಯಾಕ? ಈಗ ಕೂಡು," ಅಂದವರು ಆಯಿ. ಆಗಲೇ ಚೀಲ ಹಾಸಿ ನನಗೆ ಜಾಗ ಮಾಡಿದ್ದರು. ಅಂದು ಸಂಜೆಯವರೆಗೆ ಆಯಿ ಕಟ್ಟಿದ್ದ ಪ್ಯಾಕೆಟ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಎಣಿಸಿ ಕಟ್ಟಿದೆ. ಹತ್ತು ರೊಟ್ಟಿ ಸರಿಯಾಗಿದ್ದ ಪ್ಯಾಕೆಟ್ ಒಂದೂ ಇರಲಿಲ್ಲ. ಅದನ್ನು ಹೇಳಿದಾಗ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನೀರೆಲ್ಲ ನಗುವಿನದೇ ಆಗಿರಲಿಲ್ಲ ಅನಿಸುತ್ತದೆ.

ಮರುದಿನ ಮಧ್ಯಾಹ್ನ ಎರಡಕ್ಕೆ ರೂಢಿಯಂತೆ ಎದ್ದು ನಿಂತೆ. ಅದು ಎಲ್ಲರೂ ಬುತ್ತಿ ಬಿಚ್ಚುವ ಹೊತ್ತು. ಅಷ್ಟು ತಿಂಗಳು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ವಾಸನೆಯನ್ನಷ್ಟೇ ತೆಗೆದುಕೊಂಡು ಮನೆಗೆ ನಡೆಯುತ್ತಿದ್ದೆ. ಅಕ್ಕ ನನ್ನ ಸೆರಗು ಹಿಡಿದು ಜಗ್ಗಿದರು. "ಎಲ್ಲಿ ಹೊಂಟಿ? ಉಣ್ಣಾಕ ಕೂಡು." ಕೂತೆ.

ಸಹಾಯ ಮಾಡುವುದು ನನಗೆ ಸುಲಭವಾಗಿತ್ತು. ಕೇಳುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಅಕ್ಕ ಅಂದು ಕೇಳಿದ ಪ್ರಶ್ನೆ ಬಹಳ ದಿನ ನನ್ನ ತಲೆಯಲ್ಲಿ ಉಳಿಯಿತು. ಈ ವರ್ಷ ಅಪ್ಪನ ಕಣ್ಣಿನ ಆಪರೇಷನ್ ನಿಗದಿಯಾದಾಗ, ನೆಂಟರಿಗೆ ತಿಳಿಸುವ ಮೊದಲು ಅವರಿಗೇ ಫೋನು ಹಚ್ಚಿದೆ. "ಅಕ್ಕಾ, ನಾಳೆ ಅಪ್ಪನ ಆಪರೇಷನ್ ಐತ್ರಿ. ನನಗ ಅಂಜಿಕಿ ಬರಾಕತ್ತೈತಿ," ಎಂದೆ.

ಮರುದಿನ ನಾನು, ಅಪ್ಪ ವಿಜಯಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾದೇವಕ್ಕ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಎರಡು ಜಾಗ ಹಿಡಿದಿಟ್ಟಿದ್ದರು.